ಗೆರೆ ಆಚೆ ಹೋಯ್ತು ಅಂತ ಮಲಗಬೇಡಿ: ಟ್ಯಾಂಪಾ ಬೇ ಕನ್ನಡದವರಿಗೆ ಒಂದು ಬಹಿರಂಗ ಪತ್ರ

ಟ್ಯಾಂಪಾ, ಸೇಂಟ್ ಪೀಟರ್ಸ್‌ಬರ್ಗ್, ಕ್ಲಿಯರ್‌ವಾಟರ್ ಸುತ್ತಮುತ್ತ, ಫ್ಲೋರಿಡಾದ ಈ ಟ್ಯಾಂಪಾ ಬೇ (ಕೊಲ್ಲಿ) ದಂಡೆಯಲ್ಲಿ ಇರುವ ಕನ್ನಡದವರಿಗೆಲ್ಲ ನಮಸ್ಕಾರ.

ಜೂನ್ 1 ಹತ್ತಿರ ಬಂತು. ಅಲ್ಲಿಂದ ನವೆಂಬರ್ 30ರವರೆಗೆ ಹರಿಕೇನ್ ಸೀಸನ್, ಚಂಡಮಾರುತದ ಕಾಲ. ಇನ್ನು ಆರು ತಿಂಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆ ಬಿಳಿ ಕೋನ್ ಚಿತ್ರ ಓಡಾಡುತ್ತದೆ, ಚಂಡಮಾರುತ ಹೋಗಬಹುದಾದ ದಾರಿಯ ನಕ್ಷೆ, ನಡುವೆ ಒಂದು ಗೆರೆ. ಒಬ್ಬರು ಹಾಕುತ್ತಾರೆ. ಇನ್ನೊಬ್ಬರು ಕೆಳಗೆ "ಗೆರೆ ಪಶ್ಚಿಮಕ್ಕೆ ಸರಿದಿದೆ, ನಾವು ಬಚಾವ್" ಅಂತ ಬರೆಯುತ್ತಾರೆ. ಅದರ ಕೆಳಗೆ ಇಪ್ಪತ್ತು ಕೈಮುಗಿಯುವ ಎಮೋಜಿ. ಆ "ಬಚಾವ್" ಮೆಸೇಜಿಗಾಗಿಯೇ ಈ ಪತ್ರ. 2024ರ ಸೆಪ್ಟೆಂಬರಿನಲ್ಲಿ ಅದನ್ನು ಹಾಕಿದವಳು ನಾನೇ.

ಆಗ ನಾವು ಬೇ ದಂಡೆಗೆ ಹತ್ತಿರ ಒಂದು ಅಪಾರ್ಟ್‌ಮೆಂಟಿನ ಗ್ರೌಂಡ್ ಫ್ಲೋರಿನಲ್ಲಿದ್ದೆವು. ಝೋನ್ ಎ, ಅಂದರೆ ಎಲ್ಲರಿಗಿಂತ ಮೊದಲು ಖಾಲಿ ಮಾಡಬೇಕಾದ ಜಾಗ. ಹೆಲೀನ್ ಅನ್ನುವ ಹರಿಕೇನ್ ಬರುತ್ತಿತ್ತು. ಅದರ ಗೆರೆ ನಮ್ಮಿಂದ ನೂರು ಮೈಲಿಗೂ ಆಚೆ, ಸಮುದ್ರದ ನಡುವೆ ಉತ್ತರಕ್ಕೆ ಹೋಗುತ್ತಿತ್ತು. ಕೌಂಟಿಯವರು, ಅಂದರೆ ಇಲ್ಲಿಯ ಜಿಲ್ಲಾಡಳಿತ, ಝೋನ್ ಎ ಖಾಲಿ ಮಾಡಿ ಅಂದಿದ್ದರು, ಫೋನಿಗೆ ಅಲರ್ಟೂ ಬಂದಿತ್ತು. ನಾವು ಹೋಗಲಿಲ್ಲ. ಯಾಕೆಂದರೆ 2022ರಲ್ಲಿ ಇಯಾನ್ ಬಂದಾಗ ಹೋಗಿದ್ದೆವು. ವೆಸ್ಲಿ ಚಾಪೆಲ್‌ನಲ್ಲಿ ಸ್ನೇಹಿತರ ಮನೆ, ಹನ್ನೊಂದು ಜನ, ಎರಡು ಬಾತ್‌ರೂಮು, ಮೂರು ದಿನ. ಕೊನೆಗೆ ಇಯಾನ್ ಕೆಳಗಡೆ ಫೋರ್ಟ್ ಮೈಯರ್ಸ್ ಕಡೆ ತಿರುಗಿಕೊಂಡಿತು. ವಾಪಸ್ ಬಂದು ನೋಡಿದರೆ ನಮ್ಮ ತುಳಸಿ ಕುಂಡ ಕೂಡ ಇಟ್ಟಲ್ಲೇ ಇತ್ತು. ಅದನ್ನು ನೋಡಿ ಖುಷಿ ಆಗಬೇಕಿತ್ತು ಅಲ್ವಾ? ನನಗೆ ನಾಚಿಕೆ ಆಯಿತು. ಸುಮ್ನೆ ಇನ್ನೊಬ್ಬರ ಮನೆಯಲ್ಲಿ ಹೋಗಿ ಬಿದ್ದುಕೊಂಡೆವಲ್ಲ ಅಂತ.

ಹಾಗಾಗಿ ಹೆಲೀನ್‌ಗೆ ಮನೆಯಲ್ಲೇ ಉಳಿದೆವು. ಸೆಪ್ಟೆಂಬರ್ 26, ಗುರುವಾರ. ಗಾಳಿ ಇತ್ತು, ಮಳೆ ಅಂಥದ್ದೇನೂ ಅನ್ನಿಸಲಿಲ್ಲ. ಕರೆಂಟ್ ಕೂಡ ಇತ್ತು. ಅತ್ತೆ ಊರಿಂದ ಬಂದು ಎರಡು ತಿಂಗಳಾಗಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಅವರು ಬಾಗಿಲು ತಟ್ಟಿ, "ಬಚ್ಚಲಲ್ಲಿ ನೀರು ಹಿಂದೆ ಬರ್ತಾ ಇದೆ ನೋಡೇ" ಅಂದರು. ಹೋಗಿ ನೋಡಿದೆ. ಶವರ್ ಕೆಳಗಿನ ಜಾಲರಿಯಿಂದ ನೀರು ಗುಳುಗುಳು ಅಂತ ಏಳುತ್ತಿತ್ತು. ಮೋರಿ ವಾಸನೆ, ಅದರೊಳಗೆ ಕಡಲ ವಾಸನೆ. ನಾನು ಕುಮಟಾದವಳು, ಆ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮುಂಬಾಗಿಲು ತೆಗೆದರೆ ಪಾರ್ಕಿಂಗ್ ಲಾಟೇ ಇರಲಿಲ್ಲ. ಕಪ್ಪು ನೀರು. ದೊಡ್ಡ ಅಲೆ ಬಂದು ಬಡಿಯುತ್ತದೆ ಅಂತ ನಾವು ಸಿನಿಮಾದಲ್ಲಿ ನೋಡಿರುತ್ತೇವಲ್ಲ, ಹಾಗಲ್ಲ. ಪಾತ್ರೆಯಲ್ಲಿ ಹಾಲು ಏರಿದ ಹಾಗೆ, ಸದ್ದಿಲ್ಲದೆ ಏರುತ್ತದೆ. ನಮ್ಮ ಕಾರಿನ ಹೆಡ್‌ಲೈಟು ತಾನೇ ಹೊತ್ತಿಕೊಂಡು ನೀರಿನೊಳಗಿಂದ ಹಳದಿಯಾಗಿ ಉರಿಯುತ್ತಿತ್ತು. ಹಾರ್ನ್ ತಾನೇ ಹೊಡೆದುಕೊಳ್ಳುತ್ತಿತ್ತು. ಮಗನನ್ನು ನನ್ನ ಗಂಡ ಎತ್ತಿಕೊಂಡರು, ನಾನು ಅತ್ತೆಯ ರಟ್ಟೆ ಹಿಡಿದುಕೊಂಡೆ, ಮೊಣಕಾಲಿನ ನೀರಲ್ಲಿ ಕಾಲೆಳೆದುಕೊಂಡು ಹೋಗಿ ಮೆಟ್ಟಿಲು ಹತ್ತಿದೆವು. ಮೇಲಿನ ಮನೆಯ ಕ್ಯೂಬಾದ ಅಜ್ಜ ಅಜ್ಜಿ ಬಾಗಿಲು ತೆಗೆದರು. ಎರಡು ವರ್ಷದಲ್ಲಿ ಅವರಿಗೆ ಒಂದು ಹಾಯ್ ಬಿಟ್ಟು ನಾವು ಬೇರೇನೂ ಹೇಳಿರಲಿಲ್ಲ. ಬೆಳಗಿನವರೆಗೆ ಅವರ ಸೋಫಾದ ಮೇಲೆ ಕೂತಿದ್ದೆವು.

ಅದೇ ರಾತ್ರಿ ಹನ್ನೊಂದರ ಹೊತ್ತಿಗೆ ಹೆಲೀನ್‌ನ ಕಣ್ಣು, ಅಂದರೆ ನಡುಭಾಗ, ದಡ ಮುಟ್ಟಿದ್ದು ಪೆರಿ ಅನ್ನುವ ಊರಿನ ಹತ್ತಿರ. ಇಲ್ಲಿಂದ ಕಾರಿನಲ್ಲಿ ಸುಮಾರು ಮೂರು ತಾಸಿನ ದಾರಿ. ಅಷ್ಟು ದೂರದಲ್ಲಿದ್ದುಕೊಂಡು ಅದು ಟ್ಯಾಂಪಾ ಬೇ ನೀರನ್ನು ಆರೇಳು ಅಡಿ ಎತ್ತಿತ್ತು. ಪಿನೆಲಸ್ ಕೌಂಟಿಯೊಂದರಲ್ಲೇ ಹತ್ತಕ್ಕೂ ಹೆಚ್ಚು ಜನ ಸತ್ತರು. ಗೆರೆ ನಿಜವಾಗಿಯೂ ಪಶ್ಚಿಮದಲ್ಲೇ ಇತ್ತು. ನನ್ನ ಮೆಸೇಜಿನ ಮೊದಲ ಅರ್ಧ ಸರಿಯಾಗಿಯೇ ಇತ್ತು ನೋಡಿ.

ಆಮೇಲೆ ಕೂತು ಓದಿದೆ, ಈ ಕೋನ್ ಅಂದರೆ ಏನು ಅಂತ. ಮಯಾಮಿಯಲ್ಲಿರುವ ನ್ಯಾಷನಲ್ ಹರಿಕೇನ್ ಸೆಂಟರಿನವರು ಅದನ್ನು ಬಿಡಿಸುತ್ತಾರೆ. ಅದು ಚಂಡಮಾರುತದ ಗಾತ್ರ ಅಲ್ಲ. ಗಾಳಿ ಎಲ್ಲೆಲ್ಲಿ ಬೀಸುತ್ತದೆ, ನೀರು ಎಲ್ಲೆಲ್ಲಿ ನುಗ್ಗುತ್ತದೆ ಅನ್ನುವ ನಕ್ಷೆಯೂ ಅಲ್ಲ. ಕಣ್ಣು ಎಲ್ಲಿ ಹೋಗಬಹುದು ಅನ್ನುವುದಷ್ಟೇ. ನಾವೆಲ್ಲ ನೋಡುತ್ತಾ ಬಂದಿರುವ ಕೋನನ್ನು ಮಾಡಿದ್ದು ಹೀಗೆ: ಹಿಂದಿನ 5 ವರ್ಷಗಳಲ್ಲಿ ತಮ್ಮ ಅಂದಾಜು ಎಷ್ಟೆಷ್ಟು ತಪ್ಪಿತ್ತು ಅಂತ ಲೆಕ್ಕ ಹಾಕಿ, ಮೂರರಲ್ಲಿ ಎರಡು ಪಾಲು ತಪ್ಪುಗಳು ಒಳಗೆ ಬೀಳುವಷ್ಟು ಅಗಲಕ್ಕೆ ವೃತ್ತ ಎಳೆಯುತ್ತಾರೆ. ಅಂದರೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸಲ ಕಣ್ಣು ಕೋನಿನ ಹೊರಗೇ ಹೋಗುತ್ತದೆ, ಇದನ್ನು ಅವರೇ ಬರೆದುಕೊಂಡಿದ್ದಾರೆ. ಮೂರು ದಿನಕ್ಕೊಮ್ಮೆ ಬೇರೆ ಸ್ಟಾಪಿನಲ್ಲಿ ನಿಲ್ಲುವ ಬಸ್ಸನ್ನು ನೀವು ನಂಬಿಕೊಂಡು ಆಫೀಸಿಗೆ ಹೋಗುತ್ತೀರಾ? ಆದರೆ ಕೋನ್ ನೋಡುವಾಗ ನಾವು ಹೊರಗಿನ ಅಂಚು ಬಿಟ್ಟು, ನಡುವಿನ ಆ ಒಂದು ಗೆರೆ ಹಿಡಿದುಕೊಂಡು ಕೂರುತ್ತೇವೆ. ಬೆಳಿಗ್ಗೆ ಐದು, ಹನ್ನೊಂದು, ಸಂಜೆ ಐದು, ರಾತ್ರಿ ಹನ್ನೊಂದು ಗಂಟೆಗೆ ಹೊಸ ಕೋನ್ ಬರುತ್ತದೆ. "ಹನ್ನೊಂದರದ್ದು ಬಂತಾ?" ಅಂತ ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಕೇಳುತ್ತೇವೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. 2021ರ ಮೇ ತಿಂಗಳ ತೌಕ್ತೆ ನೆನಪಿದೆಯಾ? ಅದು ಕರ್ನಾಟಕದ ದಡ ಮುಟ್ಟಲೇ ಇಲ್ಲ, ಅರಬ್ಬಿ ಸಮುದ್ರದಲ್ಲೇ ಮೇಲೆ ಹೋಗಿ ಗುಜರಾತಿನಲ್ಲಿ ಬಿತ್ತು. ಆದರೂ ದಕ್ಷಿಣ ಕನ್ನಡದಿಂದ ಉತ್ತರ ಕನ್ನಡದವರೆಗೆ ಕಡಲ ದಂಡೆಯ ಮನೆಗಳು, ದೋಣಿಗಳು, ತೆಂಗಿನ ಮರಗಳು ಹೋದವು. ಅಪ್ಪ ಆಗ ಫೋನಿನಲ್ಲಿ, "ಅದು ಎಲ್ಲಿಗೋ ಹೋಗುವುದು, ನಮ್ಮ ದಂಡೆ ಯಾಕೆ ತಿಂತು?" ಅಂದಿದ್ದರು. ಮೂರು ವರ್ಷ ಆದ ಮೇಲೆ ನನಗೆ ಉತ್ತರ ಸಿಕ್ಕಿತು.

ಉತ್ತರ ತುಂಬ ಸರಳ. ಹರಿಕೇನ್ ಇಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಕಣ್ಣು ನಮ್ಮ ಪಶ್ಚಿಮಕ್ಕೋ ಉತ್ತರಕ್ಕೋ ಹಾದು ಹೋದರೆ ಗಾಳಿ ಕಡಲ ನೀರನ್ನು ಬೇ ಒಳಗೆ ತಳ್ಳುತ್ತದೆ. ದಕ್ಷಿಣಕ್ಕೆ ಹೋದರೆ ಅದೇ ಗಾಳಿ ಬೇ ನೀರನ್ನು ಹೊರಗೆ ಎಳೆಯುತ್ತದೆ. ಇಲ್ಲಿಯ ಕಡಲು ಬಹಳ ದೂರದವರೆಗೆ ಆಳ ಇಲ್ಲ, ಬೇ ಬಾಟಲಿಯ ಹಾಗೆ ಒಳಗೆ ಚಾಚಿಕೊಂಡಿದೆ, ಹಾಗಾಗಿ ತಳ್ಳಿದ ನೀರಿಗೆ ಮೇಲೆ ಏರುವುದು ಬಿಟ್ಟು ಬೇರೆ ದಾರಿಯಿಲ್ಲ. ಒಂದಷ್ಟು ಮೈಲಿ ಆಚೆ ಈಚೆ ಆದರೆ ಒಂದೋ ಮನೆಯೊಳಗೆ ನೀರು, ಇಲ್ಲವೋ ಬೇ ತಳದ ಕೆಸರು.

ಮಿಲ್ಟನ್‌ನಲ್ಲಿ ನಾವು ಕೆಸರು ನೋಡಿದೆವು. ಅದು ಮುಂದಿನ ಹರಿಕೇನ್, ಹೆಲೀನ್ ಆಗಿ ಎರಡು ವಾರ ಕೂಡ ಆಗಿರಲಿಲ್ಲ. ಒದ್ದೆ ಸೋಫಾ, ಹಾಸಿಗೆ, ಕಿತ್ತ ಗೋಡೆ ಎಲ್ಲ ಬೀದಿ ಬದಿಯಲ್ಲಿ ರಾಶಿ ಬಿದ್ದಿತ್ತು. ಅಕ್ಟೋಬರ್ 7ರ ಸೋಮವಾರ ಮಿಲ್ಟನ್ ಕೆಟಗರಿ 5 ಆಯಿತು, ಅಂದರೆ ಎಲ್ಲಕ್ಕಿಂತ ಜೋರಿನ ದರ್ಜೆ, ಗಾಳಿ ಗಂಟೆಗೆ 180 ಮೈಲಿ, ಕೋನ್ ನಡುವೆ ನಾವೇ. ಬೇನಲ್ಲಿ ನೀರು 10ರಿಂದ 15 ಅಡಿ ಏರಬಹುದು ಅಂದರು. ಟ್ಯಾಂಪಾ ಮೇಯರ್ ಟಿವಿಯಲ್ಲಿ, ಖಾಲಿ ಮಾಡಿ ಅಂದ ಜಾಗದಲ್ಲಿ ಉಳಿದರೆ ಸಾಯುತ್ತೀರಿ ಅಂತ ನೇರವಾಗಿಯೇ ಹೇಳಿದರು. ಬುಧವಾರ ರಾತ್ರಿ ಅದು ದಡ ಮುಟ್ಟಿದ್ದು ನಮ್ಮ ದಕ್ಷಿಣಕ್ಕೆ, ಸರಸೋಟಾ ಹತ್ತಿರದ ಸಿಯೆಸ್ಟಾ ಕೀಯಲ್ಲಿ. ಅಷ್ಟರಲ್ಲಿ ಕೆಟಗರಿ 3ಕ್ಕೆ ಇಳಿದಿತ್ತು. ಟ್ಯಾಂಪಾ ಬೇ ನೀರು ಏರುವ ಬದಲು ಹಿಂದೆ ಹೋಯಿತು.

ಆಮೇಲೆ ಶುರುವಾಯಿತು ನೋಡಿ, "ಇಷ್ಟೇನಾ? ಸುಮ್ನೆ ಹೆದರಿಸಿದರು." ಈ ಮಾತು ನಮ್ಮವರ ಬಾಯಲ್ಲೂ ಕೇಳಿದೆ, ದೀಪಾವಳಿ ಊಟದ ಸಾಲಿನಲ್ಲಿ ನಿಂತು. ಇಷ್ಟೇ ಅಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಅಂಗುಲ ಮಳೆ ಬಿತ್ತು. ಟ್ರಾಪಿಕಾನಾ ಫೀಲ್ಡ್ ಸ್ಟೇಡಿಯಮ್ಮಿನ ಚಾವಣಿ ಹಳೇ ಛತ್ರಿಯ ಹಾಗೆ ಹರಿದುಹೋಯಿತು. ಊರ ನಡುವೆ ಕ್ರೇನ್ ಮುರಿದು ಪಕ್ಕದ ಕಟ್ಟಡದ ಮೇಲೆ ಬಿತ್ತು. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕನೆಕ್ಷನ್‌ಗಳಿಗೆ ಕರೆಂಟ್ ಹೋಯಿತು. ಬಂದರು ಮುಚ್ಚಿದ್ದರಿಂದ, ಇಲ್ಲಿಗೆ ಪೆಟ್ರೋಲ್ ಹಡಗಿನಲ್ಲಿ ಬರುವುದರಿಂದ, ಬಂಕ್‌ಗಳ ಮುಂದೆ ದಿನಗಟ್ಟಲೆ ಸಾಲು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ಮಿಲ್ಟನ್‌ನ ಕಣ್ಣು ದಡ ಮುಟ್ಟುವ ಮೊದಲೇ, ರಾಜ್ಯದ ಆಚೆ ದಡದ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿ ಎದ್ದು ಆರು ಜನ ಹೋದರು. ಅವರೂ ಗೆರೆ ಪಶ್ಚಿಮದಲ್ಲಿದೆ ಅಂತಲೇ ನೋಡಿರಬೇಕು.

ಹಳಬರು ಹೇಳುವುದು ಇನ್ನೊಂದು ಥರ. ಇಪ್ಪತ್ತೈದು ವರ್ಷದಿಂದ ಇಲ್ಲಿರುವ ಅಂಕಲ್‌ಗಳನ್ನು ಕೇಳಿ: "ಟ್ಯಾಂಪಾಕ್ಕೆ ಬರಲ್ಲ ಬಿಡಮ್ಮ." 2004ರಲ್ಲಿ ಚಾರ್ಲಿ ಟ್ಯಾಂಪಾಕ್ಕೇ ಅಂದರು, ಕೊನೆ ಗಳಿಗೆಯಲ್ಲಿ ತಿರುಗಿ ಪುಂಟಾ ಗೋರ್ಡಾಕ್ಕೆ ಹೊಡೆಯಿತು. ಟ್ಯಾಂಪಾ ಬಿಟ್ಟು ಆರ್ಲ್ಯಾಂಡೋಗೆ ಓಡಿದವರ ತಲೆ ಮೇಲೆಯೇ ಹಾದು ಹೋಯಿತು. 2017ರಲ್ಲಿ ಇರ್ಮಾ ಮಯಾಮಿಗೆ ಅಂದರು, ಅಲ್ಲಿಯವರು ನಮ್ಮ ಕಡೆ ಬಂದರು, ಅದೂ ಅವರ ಹಿಂದೆಯೇ ಈ ದಡ ಹಿಡಿದು ಬಂತು. ಆಮೇಲೆ ಇಯಾನ್, ಆಮೇಲೆ ಮಿಲ್ಟನ್. ಟೊಕೊಬಾಗಾ ಅನ್ನುವ ಇಲ್ಲಿಯ ಮೂಲ ಜನರ ಸಮಾಧಿ ದಿಬ್ಬಗಳು ಈ ಊರನ್ನು ಕಾಯುತ್ತವೆ ಅನ್ನುವ ನಂಬಿಕೆಯೂ ಇದೆ. ಅದಕ್ಕೆ ನಾನು ಅಡ್ಡ ಮಾತಾಡುವುದಿಲ್ಲ, ನಮ್ಮೂರಿನಲ್ಲೂ ಕಡಲಿಗೆ ಬಾಗಿನ ಕೊಡುತ್ತೇವೆ. ಆದರೆ ದೊಡ್ಡ ಹರಿಕೇನ್ ಟ್ಯಾಂಪಾ ಬೇಗೆ ಕೊನೆಯ ಸಲ ನೇರವಾಗಿ ಬಂದು ಹೊಡೆದದ್ದು 1921ರ ಅಕ್ಟೋಬರ್ 25ರಂದು. ಆಗ ಇಲ್ಲಿ ಇಷ್ಟು ಜನ ಇರಲಿಲ್ಲ, ಕಡಲ ಮಟ್ಟವೂ ಈಗಿಗಿಂತ ಕೆಳಗಿತ್ತು. ಇಯಾನ್ ನಮ್ಮನ್ನು ಬಿಟ್ಟಿತು ಅನ್ನುವಾಗ ಫೋರ್ಟ್ ಮೈಯರ್ಸ್ ಬೀಚಿನವರನ್ನೂ ನೆನೆಸಿಕೊಳ್ಳಿ. ಅವರು ಕೋನಿನ ಅಂಚಿನಲ್ಲಿದ್ದರು. ಗೆರೆ ಟ್ಯಾಂಪಾ ಕಡೆ ಇತ್ತು. ಅವರ ಕೌಂಟಿಯಲ್ಲಿ ಖಾಲಿ ಮಾಡಿ ಅನ್ನುವ ಆದೇಶ ಬಂದದ್ದು ಹಿಂದಿನ ದಿನ ಬೆಳಿಗ್ಗೆ. ಆ ಬೀಚಿನಲ್ಲಿ 10 ಅಡಿಗೂ ಮೇಲೆ ನೀರು ನಿಂತಿತು.

ಅದಕ್ಕೇ ಹೇಳುವುದು, ಗೆರೆ ಬಿಡಿ. ನಿಮ್ಮ ಮನೆಯ ಝೋನ್ ಯಾವುದು ಅಂತ ಇವತ್ತೇ ನೋಡಿ. ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಒಂದು ಅಕ್ಷರ ಬರುತ್ತದೆ: ಎ, ಬಿ, ಸಿ, ಡಿ, ಇ. ಯಾವುದೂ ಬರದಿದ್ದರೆ ನೀವು ಝೋನ್ ಹೊರಗೆ. ಎ ಎಲ್ಲರಿಗಿಂತ ಮೊದಲು ಹೊರಡಬೇಕು. ಆ ಅಕ್ಷರವನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ. ಕೌಂಟಿಯವರು ಆ ಅಕ್ಷರ ಕರೆದ ದಿನ ಹೊರಡಿ. ಗೆರೆ ಎಲ್ಲಿದ್ದರೂ ಸರಿ.

ಇಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಮನೆ ಕೊಂಡವರು "ನಮ್ಮದು ಫ್ಲಡ್ ಝೋನ್ ಎಕ್ಸ್, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಅದು ಬೇರೆ ನಕ್ಷೆ ಮಾರಾಯ್ರೇ. ಅದು ಸಾಲ ಕೊಡುವ ಬ್ಯಾಂಕಿಗೆ, ಇನ್ಶೂರೆನ್ಸಿಗೆ. ಹೊರಡುವ ಝೋನ್ ನಕ್ಷೆ ಬೇರೆ. ಎಕ್ಸ್ ಇರುವ ಮನೆ ಬಿ ಝೋನಿನಲ್ಲಿ ಇರಬಹುದು. ಇನ್ಶೂರೆನ್ಸ್ ಅಂದ ಕೂಡಲೇ ಇದನ್ನೂ ಹೇಳಿಬಿಡುತ್ತೇನೆ: ಮಾಮೂಲಿ ಮನೆ ಇನ್ಶೂರೆನ್ಸ್ ನೆರೆ ನೀರಿಗೆ ದುಡ್ಡು ಕೊಡುವುದಿಲ್ಲ. ಬಾಡಿಗೆದಾರರದ್ದೂ ಸಾಮಾನ್ಯವಾಗಿ ಅಷ್ಟೇ, ಇದು ನನಗೆ ಹೆಲೀನ್ ಆದ ಮೇಲೆ ಗೊತ್ತಾಯಿತು. ಸರ್ಕಾರದ ಫ್ಲಡ್ ಇನ್ಶೂರೆನ್ಸ್ ಇವತ್ತು ತೆಗೆದುಕೊಂಡರೆ ಸಾಮಾನ್ಯವಾಗಿ 30 ದಿನ ಆದ ಮೇಲೆ ಜಾರಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಫೋನ್ ಮಾಡಿ ಪ್ರಯೋಜನ ಇಲ್ಲ. ಕಾರಿಗೆ ಮಾತ್ರ ಕಾಂಪ್ರಹೆನ್ಸಿವ್ ಇದ್ದರೆ ಸಿಗುತ್ತದೆ, ನಮಗೆ ಸಿಕ್ಕಿದ್ದು ಅದೊಂದೇ. ಎಲೆಕ್ಟ್ರಿಕ್ ಕಾರ್ ಇರುವವರು, ನಮ್ಮವರಲ್ಲಿ ಅರ್ಧ ಜನ ಇದ್ದೀರಿ, ಅದನ್ನು ಗ್ಯಾರೇಜಿನಲ್ಲಿ ಬಿಟ್ಟು ಹೋಗಬೇಡಿ. ಉಪ್ಪು ನೀರು ಬ್ಯಾಟರಿಗೆ ಹೊಕ್ಕರೆ ಆಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ. ಹೆಲೀನ್‌ನಲ್ಲಿ ಹತ್ತಿದೆ.

ಸಾಮಾನಿನ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ನಾನು ಉದ್ದ ಮಾಡುವುದಿಲ್ಲ. ಇಲ್ಲಿಯ ಒಲೆ ಹೆಚ್ಚಾಗಿ ಕರೆಂಟಿನದು, ಅದು ಹೋದರೆ ಒಂದು ಲೋಟ ಬಿಸಿನೀರೂ ಇಲ್ಲ. ಬ್ರೆಡ್ ಖಾಲಿಯಾದ ಪಬ್ಲಿಕ್ಸ್ ಅಂಗಡಿಯ ಕಪಾಟಿನ ಮುಂದೆ ನಿಂತು ಅಳುವ ಬದಲು ಮನೆಯ ಡಬ್ಬ ನೋಡಿ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಬೆಲ್ಲ. ನಾಲ್ಕು ದಿನ ಆರಾಮಾಗಿ ಕಳೆಯಬಹುದು. ಒಂದು ಲೋಟ ನೀರು ಫ್ರೀಜರಿನಲ್ಲಿ ಗಟ್ಟಿ ಮಾಡಿ ಮೇಲೆ ಒಂದು ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ಫ್ರೀಜರಿನಲ್ಲಿದ್ದದ್ದನ್ನೆಲ್ಲ ಬಿಸಾಡಿ, ತೆಂಗಿನ ತುರಿ ಹೋಯ್ತಲ್ಲಾ ಅಂತ ಮರುಗಬೇಡಿ. ಪಾಸ್‌ಪೋರ್ಟ್, ವೀಸಾ ಕಾಗದ ಜಿಪ್ ಚೀಲದಲ್ಲಿ ನಿಮ್ಮ ಜೊತೆಗೇ ಬರಲಿ. ನಮ್ಮದು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಆಮೇಲೆ ಹಗ್ಗ ಕಟ್ಟಿ ಎಚ್-1ಬಿ ಕಾಗದಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ಒಣಹಾಕಿದೆವು, ಹಪ್ಪಳದ ಹಾಗೆ.

ಕೆಲಸದ ವಿಷಯ ಬಹಳ ಜನ ಬಾಯಿಬಿಟ್ಟು ಹೇಳುವುದಿಲ್ಲ. ಮಿಲ್ಟನ್ ಕೆಟಗರಿ 5 ಆದ ಸೋಮವಾರ, ಬೇರೆ ರಾಜ್ಯದಲ್ಲಿ ಕೂತ ಮ್ಯಾನೇಜರ್ ನನ್ನ ಗಂಡನನ್ನು ಕೇಳಿದ್ದು, "ಬುಧವಾರದ ರಿಲೀಸಿಗೆ ಇರ್ತೀಯಲ್ಲ?" ವೀಸಾ ಮೇಲೆ ಇರುವವರಿಗೆ ಇಲ್ಲ ಅನ್ನಲು ಭಯ. ಇವರು ಕೌಂಟಿಯ ಆದೇಶದ ಸ್ಕ್ರೀನ್‌ಶಾಟ್ ತೆಗೆದು ಇಮೇಲ್‌ನಲ್ಲಿ ಹಾಕಿ, "ನಮ್ಮ ಝೋನ್ ಖಾಲಿ ಮಾಡಲು ಹೇಳಿದ್ದಾರೆ, ಗುರುವಾರದವರೆಗೆ ಸಿಗುವುದಿಲ್ಲ" ಅಂತ ಎರಡು ಸಾಲು ಬರೆದರು. ಯಾರೂ ಮರುಮಾತಾಡಲಿಲ್ಲ. ಅಂದಹಾಗೆ, ಮನೆಯಲ್ಲಿ ಉಪ್ಪು ನೀರು ಒಣಗುವ ಮೊದಲೇ ಒಂದನೇ ತಾರೀಖಿನ ಬಾಡಿಗೆಯ ನೆನಪೋಲೆ ಬಂದಿತ್ತು. ಅದರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪತ್ರ ಆಗುತ್ತದೆ.

ಊರಿನವರಿಗೂ ಒಂದು ಮಾತು ಹೇಳಿಡಿ. ಅಲ್ಲಿ ಟಿವಿಯಲ್ಲಿ "ಫ್ಲೋರಿಡಾ ಸರ್ವನಾಶ" ಅಂತ ಕೆಂಪು ಅಕ್ಷರ, ಹಿಂದೆ ಯಾವುದೋ ವರ್ಷದ ವಿಡಿಯೋ. ಅಮ್ಮ ರಾತ್ರಿಯೆಲ್ಲ ಕೂತು ನೋಡುತ್ತಾರೆ. ಇಲ್ಲಿ ಟವರ್ ಹೋದರೆ ಫೋನೂ ಇಲ್ಲ. ಹೊರಡುವ ಮೊದಲು ಎಲ್ಲಿಗೆ ಹೋಗುತ್ತಿದ್ದೀರಿ, ಯಾರ ಮನೆ, ಅವರ ನಂಬರ್ ಏನು ಅಂತ ಒಂದು ಮೆಸೇಜ್ ಹಾಕಿಬಿಡಿ. ಎರಡು ದಿನ ಫೋನ್ ಬರದಿದ್ದರೂ ಹೆದರಬೇಡಿ ಅಂತಲೂ ಬರೆಯಿರಿ.

ಇನ್ನು ನಾನು ಹೇಳಬೇಕಿದ್ದ ಮುಖ್ಯ ಮಾತು. ನಮ್ಮಲ್ಲಿ ಮನೆ ಬಿಡದವರು ಧೈರ್ಯಕ್ಕೆ ಉಳಿಯುವುದಿಲ್ಲ, ಸಂಕೋಚಕ್ಕೆ ಉಳಿಯುತ್ತಾರೆ. "ಅವರಿಗೆ ಯಾಕೆ ತೊಂದರೆ", "ಹೋದ ಸಲವೂ ಹೋಗಿದ್ವಿ, ಏನೂ ಆಗಲಿಲ್ಲ, ಮತ್ತೆ ಹೇಗೆ ಕೇಳುವುದು", "ಅತ್ತೆಗೆ ಬೇರೆಯವರ ಮನೆ ಬಾತ್‌ರೂಮ್ ಆಗಲ್ಲ". ಜಾರ್ಜಿಯಾಕ್ಕೆ ಓಡಬೇಕಿಲ್ಲ. ಐ-75 ಹೆದ್ದಾರಿಯಲ್ಲಿ ಹನ್ನೆರಡು ತಾಸು ಪೆಟ್ರೋಲ್ ಹುಡುಕುತ್ತಾ ಕೂರಬೇಕಿಲ್ಲ. ಎ ಝೋನಿನಿಂದ ಇಪ್ಪತ್ತು ಮೂವತ್ತು ಮೈಲಿ ಒಳಗೆ, ಎತ್ತರದ ಜಾಗದ ಗಟ್ಟಿ ಮನೆ ಸಾಕು. ಆ ಮನೆಗಳೆಲ್ಲ ನಮ್ಮವರದ್ದೇ. ವೆಸ್ಲಿ ಚಾಪೆಲ್, ನ್ಯೂ ಟ್ಯಾಂಪಾ, ಲೇಕ್‌ಲ್ಯಾಂಡ್ ಕಡೆ ಇರುವವರೇ, ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು: ಅವರು ಕೇಳಲಿ ಅಂತ ಕಾಯಬೇಡಿ. "ಬೇಕಾದ್ರೆ ಹೇಳಿ" ಅನ್ನಬೇಡಿ, ಹಾಗೆ ಅಂದರೆ ನಮ್ಮಲ್ಲಿ ಯಾರೂ ಹೇಳುವುದಿಲ್ಲ ಅಂತ ನಿಮಗೂ ಗೊತ್ತು. "ಸಂಜೆ ಐದಕ್ಕೆ ಬನ್ನಿ, ಸಾರು ಮಾಡಿಟ್ಟಿರ್ತೀನಿ" ಅನ್ನಿ. ಇಯಾನ್ ಸಲ ನಮ್ಮನ್ನು ಕರೆದ ಆ ಸ್ನೇಹಿತೆ ಹೆಲೀನ್ ಸಲವೂ ಫೋನ್ ಮಾಡಿದ್ದಳು. "ಬೇಕಾದ್ರೆ ಬನ್ನಿ" ಅಂದಳು. ನಾನು "ಇಲ್ಲ ಕಣೇ, ಗೆರೆ ಪಶ್ಚಿಮಕ್ಕೆ ಹೋಗಿದೆ" ಅಂದೆ. ಮಿಲ್ಟನ್ ಸಲ ಅವಳು ಏನೂ ಕೇಳಲಿಲ್ಲ, ಕಾರ್ ತಂದು ನಿಲ್ಲಿಸಿದಳು.

ಈಗ ನಾವು ನ್ಯೂ ಟ್ಯಾಂಪಾದಲ್ಲಿದ್ದೇವೆ. ವಿಳಾಸ ಹಾಕಿದರೆ ಯಾವ ಅಕ್ಷರವೂ ಬರುವುದಿಲ್ಲ, ಮನೆ ಹುಡುಕುವಾಗ ಮೊದಲು ನೋಡಿದ್ದೇ ಅದನ್ನು. ನಡುಮನೆಯಲ್ಲಿ ಒಂಬತ್ತು ಹಾಸಿಗೆ ಹಿಡಿಯುತ್ತದೆ, ಹಾಸಿ ನೋಡಿದ್ದೇನೆ. ನಿಮ್ಮ ಅಕ್ಷರ ಕರೆದ ದಿನ ಬನ್ನಿ. ಚಾಪೆ, ಮಾತ್ರೆ, ಚಾರ್ಜರ್ ನಿಮ್ಮದು, ಅನ್ನ ಸಾರು ನಮ್ಮದು, ಕರೆಂಟ್ ಇರುವವರೆಗೆ. ಆಮೇಲೆ ಅವಲಕ್ಕಿ. ತುಳಸಿ ಕುಂಡವನ್ನೂ ಹಾಕಿಕೊಂಡು ಬನ್ನಿ, ನಮ್ಮದು ಆ ಉಪ್ಪು ನೀರಿಗೆ ಒಂದು ವಾರದಲ್ಲಿ ಕರ್ರಗಾಗಿ ಹೋಯಿತು. ಗ್ಯಾರೇಜಿನಲ್ಲಿ ಜಾಗ ಇದೆ.

ಇಂತಿ,
"ಬಚಾವ್" ಅಂತ ಮೆಸೇಜ್ ಹಾಕಿದವಳು